ಉಸಿರು ತೆಗೆದುಕೊಳ್ಳುವ ಜಾಗ

ಮಕ್ಕಳು ಊಟ ಮುಗಿಸಿ ನಲ್ಲಿಗಳ ಹತ್ತಿರ ನೂಕಾಡುತ್ತಿದ್ದಾಗ ಹೆಡ್ ಮೇಷ್ಟ್ರು ಓದಿನ ಟೀಚರನ್ನು ತಮ್ಮ ಕೋಣೆಗೆ ಕರೆಸಿದರು. ಏನನ್ನೋ ಕಿತ್ತುಕೊಳ್ಳುವುದಕ್ಕೇ ಕರೆಸಿದ್ದಾರೆ ಅಂತ ಅವಳಿಗೆ ಆಗಲೇ ಗೊತ್ತಾಯಿತು. ಕೊಡುವುದು ಏನಾದರೂ ಇದ್ದರೆ ಅವರು ವರಾಂಡದಲ್ಲಿ ನಿಂತು ನಾಲ್ಕು ಜನರಿಗೆ ಕೇಳಿಸುವ ಹಾಗೆ ಕೊಡುವವರು. ಕಿತ್ತುಕೊಳ್ಳುವ ಕೆಲಸವನ್ನು ಮಾತ್ರ ಬಾಗಿಲು ಮುಂದೆ ಮಾಡಿಕೊಂಡು ಮಾಡುತ್ತಿದ್ದರು.

"ಕೂತ್ಕೊಳ್ಳಿ."

"ನಿಂತೇ ಕೇಳ್ತೀನಿ ಸಾರ್. ಈ ಮಂಡಿಗೆ ಕೂತ್ರೆ ಏಳೋದು ಕಷ್ಟ."

ಮೇಷ್ಟ್ರು ಮೇಜಿನ ಮೇಲಿದ್ದ ಗಾಜಿನ ಗುಂಡನ್ನು ಆ ಕಡೆಯಿಂದ ಈ ಕಡೆಗೆ ಸರಿಸಿದರು. "ನಿನ್ನೆ ಮೀಟಿಂಗಲ್ಲಿ ತೀರ್ಮಾನ ಆಯ್ತು. ಊಟ ಆದ ಮೇಲೆ ಕಾಲು ಗಂಟೆ ಪ್ರಾರ್ಥನೆಗೆ. ಸೇತುವೆ ಈಚೆಯವರಿಗೆ ದೊಡ್ಡ ಹಾಲ್. ಆಚೆಯವರಿಗೆ ಡ್ರಾಯಿಂಗ್ ರೂಮು. ಪ್ರಾರ್ಥನೆಯೇ ಬೇಡ ಅನ್ನೋರಿಗೂ ಒಂದು ಕೋಣೆ ಬೇಕಂತೆ, ಸುಮ್ಮನೆ ಕೂತ್ಕೊಳ್ಳೋದಕ್ಕೆ. ಅವರಿಗೆ ಕೊನೇ ಕೋಣೆ ಬರೆದಿದ್ದೀವಿ."

"ಕೊನೇ ಕೋಣೆ ನಂದು."

"ಸ್ಕೂಲಿಂದು."

"ಆ ಹೊತ್ತಲ್ಲಿ ನಂದು. ಊಟ ಆದ ಮೇಲೆ ನನ್ನ ಓದಿನ ಕ್ಲಾಸ್ ನಡೆಯುತ್ತೆ ಅಂತ ನಿಮಗೆ ಗೊತ್ತಿಲ್ವಾ?"

"ಗೊತ್ತಿದೆ. ನಡೆಸ್ಕೊಳ್ಳಿ. ಎಲ್ಲಾದ್ರೂ ನಡೆಸ್ಕೊಳ್ಳಿ. ಆದ್ರೆ ಆ ಕಾಲು ಗಂಟೆ ಪ್ರಾರ್ಥನೆ ಬಿಟ್ಟು ಇಡೀ ಸ್ಕೂಲಲ್ಲಿ ಬೇರೆ ಸದ್ದಿರಬಾರದು. ಮೌನ. ಮೂರೂ ಕಡೆಯವರು ಅದೊಂದಕ್ಕೆ ಮಾತ್ರ ಒಪ್ಪಿದ್ದಾರೆ."

ಅವಳಿಗೆ ನಗು ಬಂತು, ಆದರೆ ಬಾಯಿಗೆ ಬಂದದ್ದು ಸಿಟ್ಟು. ಓದು ಬಾರದ ಮಕ್ಕಳಿಗೆ ಓದು ಕಲಿಸುವುದು ಬಾಯಿ ಬಿಡಿಸಿಯೇ. ಒಂದೊಂದು ಅಕ್ಷರವನ್ನೂ ನಾಲಗೆಯ ಮೇಲೆ ಇಟ್ಟುಕೊಂಡು, ಕೂಡಿಸಿ, ತಪ್ಪಿ, ಮತ್ತೆ ಕೂಡಿಸಿ, ಕೊನೆಗೆ ಪದ ಸಿಕ್ಕಿದಾಗ ಕೂಗಿಕೊಳ್ಳಬೇಕು. ಆ ಕೂಗು ಇಲ್ಲದಿದ್ದರೆ ಮಗು ಓದಿತೋ ಇಲ್ಲವೋ ಆ ದೇವರಿಗೂ ತಿಳಿಯುವುದಿಲ್ಲ.

"ಸಾರ್, ದೇವರು ಎಲ್ಲಿಗೂ ಹೋಗಲ್ಲ. ಸಂಜೆ ಮನೆಗೆ ಹೋದ್ರೂ ಸಿಗ್ತಾನೆ. ಈ ಮಕ್ಕಳು ಪರೀಕ್ಷೆ ಮುಗಿದ ಮೇಲೆ ಸಿಗಲ್ಲ."

"ಮೆಲ್ಲಗೆ ಮಾತಾಡಿ. ಇಂಥ ಮಾತು ಗೋಡೆಗೂ ಕೇಳಿಸಬಾರದು." ಮೇಷ್ಟ್ರು ಕನ್ನಡಕ ತೆಗೆದು ಕಣ್ಣು ಉಜ್ಜಿಕೊಂಡರು. ಅವರ ಮುಖ ತೊಳೆದು ತೊಳೆದು ಹಳತಾದ ಬಟ್ಟೆಯ ಹಾಗೆ ಬಣ್ಣಗೆಟ್ಟಿತ್ತು. "ನಾನೇನು ಖುಷಿಯಿಂದ ಮಾಡ್ತಿದ್ದೀನಾ? ಈಚೆಯವರು ನನ್ನ ಮನೆ ಬಾಗಿಲಿಗೆ ಬಂದ್ರು. ಅವರಿಗೆ ಹೂಂ ಅಂದೆ ಅಂತ ಆಚೆಯವರು ಬಂದ್ರು. ಇಬ್ಬರಿಗೂ ಹೂಂ ಅಂದೆ ಅಂತ ಮೂರನೆಯವರು ಬಂದ್ರು. ನನ್ನ ಹೆಂಡತಿ ಎಲ್ಲರಿಗೂ ಟೀ ಮಾಡಿ ಮಾಡಿ ಸಾಕಾಗಿ ತವರಿಗೆ ಹೋಗಿದ್ದಾಳೆ."

ಅವಳು ಬಾಗಿಲು ತೆರೆದು ಹೊರಗೆ ಬಂದಳು.

ಹಿಂದೆ ಆ ಶಾಲೆಯಲ್ಲಿ ಬೆಳಿಗ್ಗೆ ಒಂದು ಪ್ರಾರ್ಥನೆ ಇತ್ತು. ಅದು ಯಾರದು ಎಂದು ಯಾರೂ ಕೇಳುತ್ತಿರಲಿಲ್ಲ. ಮಕ್ಕಳು ಆಕಳಿಸುತ್ತಾ ಹೇಳಿ ಒಳಗೆ ಹೋಗುತ್ತಿದ್ದವು. ಆಮೇಲೆ ಯಾರೋ ಕೇಳಿದರು. ಕೇಳಿದ ಮೇಲೆ ಮುಗಿಯಿತು. ಆ ಪ್ರಾರ್ಥನೆ ನಿಂತಿತು, ಜಗಳ ನಿಲ್ಲಲಿಲ್ಲ. ಈಗ ಜಗಳಕ್ಕೇ ಒಂದು ಹೊತ್ತು ಗೊತ್ತು ಮಾಡಿ, ಅದಕ್ಕೆ ಪ್ರಾರ್ಥನೆಯ ಹೊತ್ತು ಅಂತ ಹೆಸರಿಟ್ಟಿದ್ದರು. ಇಷ್ಟು ದಿನ ಈ ಶಾಲೆಯ ಮೇಲ್ಛಾವಣಿ ಸೋರುತ್ತದೆ ಅಂತ ಒಬ್ಬ ಅಪ್ಪನೂ ಬಂದು ಕೇಳಿರಲಿಲ್ಲ. ಎಂಟನೇ ಕ್ಲಾಸಿಗೆ ಬಂದ ಮಗುವಿಗೆ ತನ್ನ ಹೆಸರು ಬಿಟ್ಟು ಬೇರೇನೂ ಓದಲು ಬರುವುದಿಲ್ಲ ಅಂತ ಒಬ್ಬ ಅಮ್ಮನೂ ಜಗಳಕ್ಕೆ ನಿಂತಿರಲಿಲ್ಲ.

ಅಂಥ ಮಕ್ಕಳನ್ನೇ ಹುಡುಕಿ ಹುಡುಕಿ ಅವಳು ಕೊನೇ ಕೋಣೆಗೆ ಸೇರಿಸಿಕೊಂಡಿದ್ದಳು. ಹುಡುಕುವುದು ಸುಲಭವಲ್ಲ. ಓದು ಬಾರದ ಮಗು ಅದನ್ನು ಮುಚ್ಚಿಡುವುದರಲ್ಲಿ ಕಳ್ಳನಿಗಿಂತ ಚುರುಕು. ಅವರಲ್ಲೆಲ್ಲ ಪಳಗಿದವಳು ಒಬ್ಬ ಬಸ್ ಡ್ರೈವರನ ಮಗಳು. ಎರಡು ಸಲ ಅದೇ ಕ್ಲಾಸಿನಲ್ಲಿ ಕೂತವಳು, ಪಕ್ಕದವರಿಗಿಂತ ಗೇಣುದ್ದ ಹೆಚ್ಚು ಬೆಳೆದಿದ್ದಳು; ಮಕ್ಕಳು ಅವಳನ್ನು ಏಣಿ ಎಂದು ಕರೆಯುತ್ತಿದ್ದರು. ಏಣಿಗೆ ಒಂದು ಸಲ ಕೇಳಿದ್ದು ಕಲ್ಲಿನ ಮೇಲೆ ಕೆತ್ತಿದ ಹಾಗೆ ಉಳಿಯುತ್ತಿತ್ತು. ಪಾಠವನ್ನು ಬೇರೆ ಯಾರಾದರೂ ಮೊದಲು ಓದಿದರೆ ಸಾಕು, ಅವಳು ಎದ್ದು ನಿಂತು ಬೆರಳಿಟ್ಟು ಸರಾಗವಾಗಿ ಓದಿಬಿಡುತ್ತಿದ್ದಳು. ಬೆರಳು ಮಾತ್ರ ಬೇರೆ ಸಾಲಿನ ಮೇಲೆ ಇರುತ್ತಿತ್ತು. ವರ್ಷಗಟ್ಟಲೆ ಎಲ್ಲ ಟೀಚರುಗಳೂ ಬಾಯಿಯನ್ನು ಕೇಳಿದರೇ ಹೊರತು ಬೆರಳನ್ನು ನೋಡಲಿಲ್ಲ.

ಓದಿನ ಟೀಚರಿಗೂ ಮಕ್ಕಳು ಒಂದು ಹೆಸರಿಟ್ಟಿದ್ದರು: ಪಟಾಕಿ. ಅವಳಿಗೆ ಅದು ಗೊತ್ತಿತ್ತು. ಮೂಗಿನ ತುದಿಯಲ್ಲೇ ಕೋಪ ಇದ್ದವಳಿಗೆ ಇನ್ನೇನು ಹೆಸರು ಇಟ್ಟಾರು?

ಆ ದಿನ ಸಂಜೆ ಗೇಟಿನ ಹತ್ತಿರ ಡ್ರೈವರು ಕಾಯುತ್ತಿದ್ದ. ಖಾಕಿ ಅಂಗಿಯ ಬೆನ್ನು ಪೂರ್ತಿ ಬೆವರಿನಿಂದ ಒದ್ದೆ. ದಪ್ಪ ಕುತ್ತಿಗೆಯ, ಜೋರು ಗಂಟಲಿನ ಮನುಷ್ಯ; ಬಸ್ಸಿನ ಇಂಜಿನ್ನಿನ ಮೇಲೆ ಮಾತಾಡಿ ಮಾತಾಡಿ ಮನೆಯಲ್ಲೂ ಹಾಗೇ ಮಾತಾಡುವವನು. ಈಚೆಯವರ ಪ್ರಾರ್ಥನೆಗೆ ಹೊತ್ತು ಬೇಕು ಅಂತ ಮೀಟಿಂಗಿನಲ್ಲಿ ಎಲ್ಲರಿಗಿಂತ ಹೆಚ್ಚು ಕೂಗಿದವನೂ ಅವನೇ.

"ಟೀಚರಮ್ಮ, ನಮ್ಮ ಹುಡುಗಿ ಹೇಳಿದ್ಲಾ? ಒಂದನೇ ತಾರೀಕು ಪ್ರಾರ್ಥನೆ ಶುರು. ವಾರ್ಡ್ ಮೆಂಬರ್ ಬರ್ತಾರೆ. ಪುಸ್ತಕ ಹಿಡಿದು ಓದೋದು ನಮ್ಮವಳೇ."

"ಯಾರು ಹೇಳಿದ್ದು?"

"ನಾನೇ. ಅಷ್ಟು ಓಡಾಡಿದ್ದಕ್ಕೆ ಅಷ್ಟಾದ್ರೂ ಕೇಳಬಾರದಾ?"

"ಓದೋಕೆ ಬರಲ್ಲ ರೀ ಅವಳಿಗೆ."

ಡ್ರೈವರನ ಮುಖ ಕಪ್ಪಾಯಿತು. "ಎರಡು ವರ್ಷ ನಿಮ್ಮ ಕ್ಲಾಸಲ್ಲಿ ಕೂತಿದ್ದಾಳಲ್ಲ, ನೀವೇನ್ ಕಡಿದು ಕಟ್ಟೆ ಹಾಕಿದ್ರಿ?"

"ಏಳು ವರ್ಷ ಉಳಿದವರು ಮಾಡಿದ್ದನ್ನ ಬಿಚ್ಚೋದಕ್ಕೇ ಒಂದೂವರೆ ವರ್ಷ ಆಯ್ತು! ಈಗ ಈಗ ಕೂಡಿಸ್ತಿದ್ದಾಳೆ. ಇನ್ನು ಮೂರು ತಿಂಗಳು ಬಿಡದೆ ಕೂತ್ರೆ ಬರುತ್ತೆ."

"ಬರುತ್ತೆ, ಬರುತ್ತೆ." ಅವನು ಟೋಪಿ ತೆಗೆದು ತಲೆ ಒರೆಸಿಕೊಂಡ. ದನಿ ಇದ್ದಕ್ಕಿದ್ದ ಹಾಗೆ ಕುಗ್ಗಿತು. "ಹೋದ ವರ್ಷ ನನ್ನ ಬಸ್ಸಲ್ಲಿ ಮುಂದಿನ ಸೀಟಲ್ಲಿ ಕೂತು ಒಂದು ಇಡೀ ಪಾಠ ಓದಿದ್ಲು ನೋಡಿ. ಎದೆ ಉಬ್ಬಿ ಹೋಯ್ತು ನಂಗೆ. ಹಿಂದಿದ್ದ ಒಬ್ಬ ಮುದುಕ ಹೇಳ್ದ, 'ಡ್ರೈವರೇ, ಪುಸ್ತಕ ತಲೆಕೆಳಗಿದೆ.' ಇಡೀ ಬಸ್ಸು ನಗ್ತು. ಅವತ್ತಿಂದ ಅವಳು ಓದ್ತಾಳೋ ಒಪ್ಪಿಸ್ತಾಳೋ ನಂಗೆ ಗೊತ್ತಾಗಲ್ಲ. ನಂಗೆ ಸುಸ್ತಾಗಿದೆ ಟೀಚರಮ್ಮ. ನನ್ನ ತಂಗಿಗೆ ಹೊಲಿಗೆ ಅಂಗಡಿ ಇದೆ. ಪರೀಕ್ಷೆ ತನಕ ಯಾಕೆ ಕಾಯೋದು, ಪ್ರಾರ್ಥನೆ ಕಾರ್ಯಕ್ರಮ ಮುಗಿದ ಮಾರನೇ ದಿನ ಅಲ್ಲಿ ಕೂರಿಸ್ತೀನಿ. ಕಾಜಾ ಹೊಲೀಲಿ, ಬಟನ್ ಹಚ್ಚಲಿ. ಅದಕ್ಕೆ ಓದು ಬೇಡ."

"ಮತ್ತೆ ಪುಸ್ತಕ ಯಾಕೆ ಹಿಡಿಸ್ತೀರಿ ಅವಳ ಕೈಗೆ?"

"ಪ್ರಾರ್ಥನೆ ಅವಳಿಗೆ ಬಾಯಿಗೆ ಬರುತ್ತೆ. ಪುಸ್ತಕ ಹಿಡ್ಕೊಂಡು ನಿಂತ್ರೆ ಸಾಕು. ಸ್ಕೂಲು ಬಿಡೋ ಮುಂಚೆ ಒಂದು ದಿನ, ಒಂದೇ ಒಂದು ದಿನ, ನನ್ನ ಮಗಳು ಓದೋ ಹುಡುಗಿ ಥರ ಕಾಣಲಿ."

ಅವಳಿಗೆ ಅವನ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ಹಾಗೇ ಅಳಬೇಕು ಅಂತಲೂ ಅನ್ನಿಸಿತು. ಎರಡನ್ನೂ ಮಾಡಲಿಲ್ಲ. "ಕಾಣಿಸೋದಕ್ಕಲ್ಲ ನಾನು ಕತ್ತೆ ಚಾಕರಿ ಮಾಡ್ತಿರೋದು," ಎಂದು ಚೀಲ ಹೆಗಲಿಗೆ ಏರಿಸಿ ನಡೆದಳು.

ಮನೆಯಲ್ಲಿ ಅಕ್ಕ ಕಾಲನ್ನು ಸ್ಟೂಲಿನ ಮೇಲೆ ಚಾಚಿ ಕೂತಿದ್ದಳು. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದು ನಿವೃತ್ತಳಾದವಳು. ಇಬ್ಬರೂ ಅಪ್ಪ ಬಿಟ್ಟು ಹೋದ ಎರಡು ಕೋಣೆಯ ಮನೆಯಲ್ಲಿ ಒಟ್ಟಿಗೆ ಇದ್ದರು. ಅಕ್ಕ ದಿನಕ್ಕೆ ಎರಡು ಸಲ ಪ್ರಾರ್ಥನೆ ಮಾಡುತ್ತಿದ್ದಳು, ತಂಗಿ ಎರಡು ಸಲ ಪೇಪರ್ ಓದುತ್ತಿದ್ದಳು. ಒಬ್ಬರ ತಂಟೆಗೆ ಒಬ್ಬರು ಹೋಗುತ್ತಿರಲಿಲ್ಲ.

ಎಲ್ಲ ಕೇಳಿ ಅಕ್ಕ ಹೇಳಿದಳು, "ನಿಂದು ಅತಿ. ಅವನು ಕೇಳಿದ್ದರಲ್ಲಿ ತಪ್ಪೇನು?"

"ಬಾಯಿಪಾಠದ ಗಿಣಿ ಮಾಡಬೇಡಿ ಅಂತ ನಾನು ಬಡ್ಕೊಳ್ತಿದ್ದೀನಿ. ಅವನು ಅದಕ್ಕೆ ಪಂಜರ ತಂದು ಇಡ್ತಿದ್ದಾನೆ."

"ಕೂಗಾಡಬೇಡ, ನನ್ನ ಬಿಪಿ ಏರುತ್ತೆ. ಆ ಹುಡುಗಿಗೆ ಅದು ಬಾಯಿಗೆ ಬರುತ್ತೆ ಅಂದೆ. ಹಾಗಾದ್ರೆ ಅದನ್ನೇ ಓದಿಸು. ಬಾಯಿಗೆ ಬಂದಿದ್ದು ಕಣ್ಣಿಗೂ ಬರಲಿ. ನಾವು ಹೊಸ ನರ್ಸುಗಳಿಗೆ ಮೊದಲು ತಮ್ಮ ನಾಡಿ ಹಿಡಿಯೋದಕ್ಕೆ ಹೇಳ್ತಿದ್ವಿ. ಗೊತ್ತಿರೋದ್ರಿಂದ ಶುರು ಮಾಡಬೇಕು ಕಣೇ."

"ಆ ಪ್ರಾರ್ಥನೆ ನಂಗೇ ಗೊತ್ತಿಲ್ಲ."

"ಈಚೆಯವರ ಮನೇಲೇ ಹುಟ್ಟಿ ಹೀಗಂತೀಯಲ್ಲ, ಅಪ್ಪ ಇದ್ದಿದ್ರೆ ನಿನ್ನ ಕಿವಿ ಹಿಂಡ್ತಿದ್ರು," ಎಂದು ಅಕ್ಕ ಕಷ್ಟಪಟ್ಟು ಎದ್ದು ಹೋಗಿ, ಅಂಚು ಸವೆದ ತನ್ನ ಪ್ರಾರ್ಥನೆ ಪುಸ್ತಕ ತಂದು ತಂಗಿಯ ಮಡಿಲಿಗೆ ಹಾಕಿದಳು.

ಒಂದನೇ ತಾರೀಕಿನ ತನಕ ಕೊನೇ ಕೋಣೆ ಇನ್ನೂ ಅವಳ ಕೈಯಲ್ಲೇ ಇತ್ತು. ಉಳಿದ ಮಕ್ಕಳಿಗೆ ಬೇರೆ ಬೇರೆ ಪುಟ ಕೊಟ್ಟು, ಏಣಿಯನ್ನು ಕಿಟಕಿ ಪಕ್ಕ ಕೂರಿಸಿಕೊಂಡಳು. ಪ್ರಾರ್ಥನೆಯನ್ನು ದೊಡ್ಡ ಅಕ್ಷರದಲ್ಲಿ ಬರೆದು ಸಾಲು ಸಾಲಾಗಿ ಕತ್ತರಿಸಿ, ಚೂರುಗಳನ್ನು ಇಸ್ಪೀಟಿನ ಎಲೆಗಳ ಹಾಗೆ ಕಲೆಸಿ ಒಂದೊಂದನ್ನೇ ಮುಂದಿಟ್ಟಳು. ಕ್ರಮ ತಪ್ಪಿದ್ದೇ ಏಣಿಯ ಬಾಯಿ ಕಟ್ಟಿತು. ಮೊದಲ ಸಾಲಿನ ಆಸರೆ ಇಲ್ಲದೆ ಎರಡನೆಯದು ಅವಳ ನಾಲಗೆಗೆ ಬರುತ್ತಿರಲಿಲ್ಲ.

"ಇದು ಮೋಸ ಟೀಚರ್."

"ನೀನು ಇಷ್ಟು ವರ್ಷ ಮಾಡಿದ್ದು ಮೋಸ. ಇದು ಪಾಠ. ಓದು."

"ಕ... ರು... ಣೆ..." ಏಣಿ ನಿಲ್ಲಿಸಿದಳು. ಹುಬ್ಬು ಗಂಟಾಯಿತು. ಆಮೇಲೆ ಕಣ್ಣುಗಳು ಅಗಲವಾದವು. "ಅಯ್ಯೋ, ಕರುಣೆ! ಇದು ನಂಗೆ ಗೊತ್ತು! ಇದು ಹೀಗಿರುತ್ತಾ ನೋಡೋಕೆ?"

ದಿನ ಕಳೆದ ಹಾಗೆ ಅವಳು ಆ ಚೂರುಗಳಲ್ಲಿ ತಾನು ಹುಟ್ಟಿದಾಗಿನಿಂದ ಹೇಳುತ್ತಿದ್ದ ಮಾತುಗಳನ್ನು ಒಂದೊಂದಾಗಿ ಗುರುತು ಹಿಡಿಯತೊಡಗಿದಳು, ಜಾತ್ರೆಯಲ್ಲಿ ನೆಂಟರನ್ನು ಕಂಡವರ ಹಾಗೆ. ಕರುಣೆಯ ಕ ಕಾಗದದಲ್ಲೂ ಇದೆ, ಕತ್ತರಿಯಲ್ಲೂ ಇದೆ ಎಂದು ಕಂಡುಕೊಂಡು ಪಕ್ಕದವರ ಪುಟಕ್ಕೂ ಕೈ ಹಾಕಿದಳು. ಅವಳ ಓದು ಇನ್ನೂ ಕುಂಟುತ್ತಿತ್ತು. ಆದರೆ ಕುಂಟುತ್ತಿದ್ದದ್ದು ಅವಳದೇ ಕಾಲಿನ ಮೇಲೆ. ಓದಿನ ಟೀಚರು ಈಗ ಬೆರಳನ್ನು ಮಾತ್ರ ನೋಡುತ್ತಿದ್ದಳು. ಬೆರಳೂ ಬಾಯಿಯೂ ಒಂದೇ ಸಾಲಿನಲ್ಲಿದ್ದವು.

ಒಂದು ಮಧ್ಯಾಹ್ನ ಏಣಿ ಒಂದು ಚೂರನ್ನು ಹಿಡಿದು ಬಹಳ ಹೊತ್ತು ಕೂತಳು.

"ಟೀಚರ್, ಇದು ನಮ್ಮದಲ್ಲ. ಬೇರೆ ಎಲ್ಲಿಂದಲೋ ಸೇರಿದೆ."

"ಯಾವುದು, ಓದು."

"ಉಂ... ಡ... ವ... ನಿಗೆ. ಉಂಡವನಿಗೆ. ನಾ... ಚಿ... ಕೆ. ಉಂಡವನಿಗೆ ನಾಚಿಕೆ ಕೊಡು." ಅವಳು ತಲೆ ಅಲ್ಲಾಡಿಸಿದಳು. "'ಹಸಿದವನಿಗೆ ತಾಳ್ಮೆ ಕೊಡು' ಅಂತ ಇದೆ. ಅದಾದ ಮೇಲೆ 'ದಾರಿ ತಪ್ಪಿದವನಿಗೆ ದೀಪ ಕೊಡು.' ಮಧ್ಯ ಇದಿಲ್ಲ. ನಮ್ಮಪ್ಪನೂ ಹೇಳಲ್ಲ, ಯಾರೂ ಹೇಳಲ್ಲ."

ಟೀಚರು ಅಕ್ಕನ ಪುಸ್ತಕ ತೆಗೆದು ನೋಡಿದಳು. ಸಾಲು ಅಲ್ಲೇ ಇತ್ತು, ಎರಡು ಸಾಲುಗಳ ನಡುವೆ, ಉಳಿದವುಗಳಷ್ಟೇ ದಪ್ಪ ಅಕ್ಷರದಲ್ಲಿ. ಹೆಡ್ ಮೇಷ್ಟ್ರ ಹತ್ತಿರ ಈಚೆಯವರು ಕೊಟ್ಟು ಹೋಗಿದ್ದ ಹೊಸ ಪುಸ್ತಕ ತರಿಸಿ ನೋಡಿದಳು. ಅದರಲ್ಲೂ ಇತ್ತು.

"ಬಿಟ್ಟುಬಿಡ್ಲಾ ಟೀಚರ್?"

ಅವಳಿಗೆ ಅಂದು ತಲೆನೋವಿತ್ತು, ಮಂಡಿ ಬೇರೆ ಸೆಳೆಯುತ್ತಿತ್ತು. ಅದೊಂದು ದೊಡ್ಡ ವಿಷಯ ಅಂತ ಅವಳಿಗೆ ಹೊಳೆಯಲೇ ಇಲ್ಲ. ಪ್ರಾರ್ಥನೆ ಮಾಡುವವರ ನಡುವೆ ಬೆಳೆದೂ ಪ್ರಾರ್ಥನೆ ಮಾಡದವಳಿಗೆ ಇಂಥದ್ದು ಎಲ್ಲಿ ಚುಚ್ಚುತ್ತದೆ ಅಂತ ತಿಳಿಯುವುದು ಹೇಗೆ? "ಇದ್ದದ್ದನ್ನ ಓದಬೇಕು. ಇಲ್ಲದ್ದನ್ನ ಓದಬಾರದು. ಓದು ಅಂದ್ರೆ ಅಷ್ಟೇ," ಎಂದಳು.

ಮನೆಗೆ ಹೋಗಿ ಅಕ್ಕನನ್ನು ಕೇಳಿದಳು. ಅಕ್ಕ ಕಣ್ಣು ಮುಚ್ಚಿ ಪ್ರಾರ್ಥನೆಯನ್ನು ಒಂದೇ ಓಟದಲ್ಲಿ ಹೇಳಿಕೊಂಡು ಹೋದಳು, ಆ ಜಾಗ ಬಂದಾಗ ಉಸಿರೆಳೆದುಕೊಂಡು ಮುಂದಕ್ಕೆ ದಾಟಿದಳು.

"ನೋಡು, ಬಿಟ್ಟೆ."

"ಎಲ್ಲಿ ಬಿಟ್ಟೆ? ಅಲ್ಲಿ ಉಸಿರು ತಗೋತೀವಿ, ಅಷ್ಟೇ. ಅಜ್ಜಿ ಕಾಲದಿಂದಲೂ ಅಲ್ಲೇ ತಗೊಳ್ಳೋದು." ಪುಸ್ತಕ ನೋಡಿ ಅಕ್ಕ ಕನ್ನಡಕ ಏರಿಸಿದಳು, ಇಳಿಸಿದಳು. "ಅರೆ. ಇಷ್ಟು ವರ್ಷ ಈ ಪುಸ್ತಕ ತೊಡೆ ಮೇಲೆ ಇಟ್ಕೊಂಡು ಹೇಳಿದ್ದೀನಿ ನೋಡು." ಪುಸ್ತಕ ಮುಚ್ಚಿ, "ಉಂಡವರು ಯಾರೋ ಮೊದಲು ಅಲ್ಲಿ ಕೆಮ್ಮಿರಬೇಕು," ಎಂದು ನಕ್ಕಳು.

ಕಾರ್ಯಕ್ರಮಕ್ಕೆ ಎರಡು ದಿನ ಇದೆ ಅನ್ನುವಾಗ ಹೆಡ್ ಮೇಷ್ಟ್ರು ಮತ್ತೆ ಕರೆಸಿದರು. ಈ ಸಲ ಅವರೇ ಎದ್ದು ಬಾಗಿಲು ಹಾಕಿದರು.

"ಓದಿನ ಕ್ಲಾಸಲ್ಲಿ ಈಚೆಯವರ ಪ್ರಾರ್ಥನೆ ಕಲಿಸ್ತಿದ್ದೀರಂತೆ. ಆಚೆಯವರೂ ಬಂದಿದ್ರು, ಪ್ರಾರ್ಥನೆ ಬೇಡ ಅನ್ನೋರೂ ಬಂದಿದ್ರು."

"ಅಕ್ಷರ ಕಲಿಸ್ತಿದ್ದೀನಿ ಸಾರ್."

"ಅಕ್ಷರ ಯಾವ ಕಡೇದು ಅಂತ ಕೇಳ್ತಾರೆ."

"ಕೇಳಿದವರಿಗೆ ಓದೋಕೆ ಬರುತ್ತಾ ಅಂತ ನೀವು ಕೇಳಬೇಕಿತ್ತು."

"ನಾನು ಏನೂ ಕೇಳಲ್ಲಮ್ಮ. ಕೇಳೋದನ್ನ ಬಿಟ್ಟು ಬಹಳ ದಿನ ಆಯ್ತು." ಮೇಷ್ಟ್ರು ಗಾಜಿನ ಗುಂಡನ್ನು ಕೈಯಲ್ಲಿ ಹಿಡಿದು ಕಿಟಕಿಯ ಕಡೆ ತಿರುಗಿದರು. "ಒಂದನೇ ತಾರೀಕಿಂದ ಆ ಕ್ಲಾಸು ಕಾಗದದ ಮೇಲೆ ಇರಲ್ಲ. ಬೈಬೇಡಿ. ಬೈಯೋದಿದ್ರೆ ಹೊರಗೆ ಹೋಗಿ ಬೈರಿ."

ಅವಳು ಬೈಯಲಿಲ್ಲ. ಬೈಯುವುದಕ್ಕೂ ಸ್ವಲ್ಪ ತ್ರಾಣ ಬೇಕು.

ಒಂದನೇ ತಾರೀಕು ಬಂತು. ದೊಡ್ಡ ಹಾಲಿನ ಬೆಂಚುಗಳನ್ನು ಗೋಡೆಗೆ ತಳ್ಳಿ ಮಕ್ಕಳನ್ನು ನೆಲದ ಮೇಲೆ ಕೂರಿಸಿದ್ದರು. ಹಿಂದೆ ಅಪ್ಪಂದಿರು, ಅಮ್ಮಂದಿರು, ಅಜ್ಜಂದಿರು. ಮುಂದೆ ಒಂದೇ ಒಂದು ಕುಷನ್ ಕುರ್ಚಿ. ಅದರಲ್ಲಿ ವಾರ್ಡ್ ಮೆಂಬರ್. ಊಟ ಮುಗಿಸಿ ನೇರ ಬಂದಿದ್ದರು ಅಂತ ಕಾಣುತ್ತದೆ, ಹಲ್ಲುಕಡ್ಡಿಯನ್ನು ಇನ್ನೂ ಎಸೆದಿರಲಿಲ್ಲ. ಡ್ರೈವರು ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಾಗಿಲ ಹತ್ತಿರ ನಿಂತು ಬಂದವರನ್ನೆಲ್ಲ ಒಳಗೆ ಕಳಿಸುತ್ತಿದ್ದ. ಬಸ್ಸಿಗೆ ಜನ ಹತ್ತಿಸಿದ ಹಾಗೇ. "ಮುಂದೆ ಹೋಗಿ, ಮುಂದೆ ಹೋಗಿ, ಜಾಗ ಇದೆ!"

ಓದಿನ ಟೀಚರಿಗೆ ಅಲ್ಲಿ ಕೆಲಸ ಇರಲಿಲ್ಲ. ಕಿಟಕಿಯ ಹೊರಗೆ, ವರಾಂಡದಲ್ಲಿ ನಿಂತಳು.

ಏಣಿ ಪುಸ್ತಕ ಹಿಡಿದು ಎದ್ದು ನಿಂತಳು. ಬೆರಳನ್ನು ಮೊದಲ ಸಾಲಿನ ಕೆಳಗೆ ಇಟ್ಟು ಶುರು ಮಾಡಿದಳು. ನಿಧಾನ. ಬಹಳ ನಿಧಾನ. ಬಾಯಿಪಾಠ ಒಪ್ಪಿಸಿದ್ದರೆ ಈ ಹೊತ್ತಿಗೆ ಅರ್ಧ ಮುಗಿದಿರುತ್ತಿತ್ತು. ಜನ ಅವಳ ಜೊತೆ ಮೆಲ್ಲನೆ ದನಿಗೂಡಿಸಿದರು. ಅಭ್ಯಾಸದ ಓಟ ಬಿಡುತ್ತದೆಯೇ? ಅವಳಿಗಿಂತ ಮುಂದೆ ಹೋಗುವರು, ತಡೆದು ನಿಲ್ಲುವರು, ಮತ್ತೆ ಮುಂದೆ ಹೋಗುವರು. ಹಿಂದಿನಿಂದ ಯಾರೋ "ಬೇಗ ಆಗಲಮ್ಮ" ಎಂದರು. ಡ್ರೈವರು ತುಟಿ ಕಚ್ಚಿಕೊಂಡು ನೆಲ ನೋಡುತ್ತಿದ್ದ. ಓದುವ ಹುಡುಗಿ ಥರ ಕಾಣಲಿ ಅಂದರೆ ಇವಳು ಓದು ಬಾರದ ಹುಡುಗಿ ಥರ ತಡವರಿಸುತ್ತಿದ್ದಾಳೆ! ಬಾಯಿಗೆ ಬರುವುದನ್ನು ಒದರಿಬಿಡಬಾರದೇ?

"ಹಸಿದವನಿಗೆ ತಾಳ್ಮೆ ಕೊಡು," ಎಂದು ಎಲ್ಲರೂ ಹೇಳಿದರು. ಉಸಿರೆಳೆದುಕೊಂಡರು. "ದಾರಿ ತಪ್ಪಿದವನಿಗೆ..."

ಏಣಿಯ ದನಿ ಬೇರೆ ಕಡೆ ತಿರುಗಿತು. ಜನರ ದನಿ ಅದಕ್ಕೆ ಡಿಕ್ಕಿ ಹೊಡೆದು ಒಂದೊಂದಾಗಿ ನಿಂತಿತು. ಹಾಲ್ ನಿಶ್ಶಬ್ದವಾಯಿತು. ಆ ನಿಶ್ಶಬ್ದದಲ್ಲಿ ಅವಳೊಬ್ಬಳೇ, ಬೆರಳು ಸರಿಸುತ್ತಾ, ತಲೆ ಎತ್ತದೆ ಓದಿದಳು.

"ಉಂಡ... ವನಿಗೆ... ನಾಚಿಕೆ... ಕೊಡು."

ವಾರ್ಡ್ ಮೆಂಬರ್ ಹಲ್ಲುಕಡ್ಡಿಯನ್ನು ಬಾಯಿಯಿಂದ ತೆಗೆದರು.

"ಏನದು?" ಎಂದಿತು ಒಂದು ಗಂಡು ದನಿ. "ಏನು ಸೇರಿಸಿದ್ಲು ಅವಳು?"

"ಯಾರಿಗೆ ಅಂದಿದ್ದು ಅದು?"

"ಪ್ರಾರ್ಥನೆಗೆ ಕೈ ಹಾಕ್ತಾರಾ? ಯಾರು ಹೇಳಿಕೊಟ್ಟಿದ್ದು?"

"ಇನ್ಯಾರು, ಆ ಪಟಾಕಿ! ಪ್ರಾರ್ಥನೆ ಅಂದ್ರೆ ಆಗಲ್ಲ ಆಕೆಗೆ. ಮೆಂಬರ್ ಎದುರಿಗೆ ಬೇಕಂತಲೇ ಮಾಡ್ಸಿದ್ದಾಳೆ."

ಏಣಿ ಗಾಬರಿಯಿಂದ ಕಿಟಕಿಯ ಕಡೆ ನೋಡಿದಳು. ಟೀಚರು ಒಳಗೆ ಬಂದಳು. ಹೇಗೆ ಬಂದಳು ಅಂತ ಅವಳಿಗೇ ಗೊತ್ತಾಗಲಿಲ್ಲ, ಮಂಡಿನೋವು ಕೂಡ ಮರೆತುಹೋಗಿತ್ತು. "ಪುಸ್ತಕದಲ್ಲಿದೆ! ನೀವೇ ತಂದುಕೊಟ್ಟ ಪುಸ್ತಕ. ಕಣ್ಣಿದ್ದರೆ ನೋಡಿ!"

ಯಾರೂ ಪುಸ್ತಕಕ್ಕೆ ಕೈ ಚಾಚಲಿಲ್ಲ. ಎಲ್ಲರೂ ಒಟ್ಟಿಗೆ ಮಾತಾಡುತ್ತಿದ್ದರು. ಜನರ ನಡುವಿನಿಂದ ಡ್ರೈವರು ಬಂದ, ಕಣ್ಣು ಕೆಂಪಗೆ, ಕುತ್ತಿಗೆಯ ನರ ಉಬ್ಬಿ. ಮಗಳ ಕೈಯಿಂದ ಪುಸ್ತಕ ಕಿತ್ತುಕೊಂಡ. ಅವಳಿಗೆ ಒಂದು ಬಿಟ್ಟೇ ಬಿಡುತ್ತಾನೆ ಅಂತ ಟೀಚರು ಅಡ್ಡ ನಿಂತಳು.

ಅವನು ಹೊಡೆಯಲಿಲ್ಲ. ಪುಸ್ತಕವನ್ನು ಕಣ್ಣಿನ ಹತ್ತಿರ ಹಿಡಿದು, ಬಸ್ಸಿನ ಸ್ಟೀರಿಂಗ್ ಹಿಡಿದು ದಡ್ಡುಗಟ್ಟಿದ ಬೆರಳನ್ನು ಸಾಲುಗಳ ಮೇಲೆ ಇಳಿಸುತ್ತಾ ಬಂದ. ಒಂದು ಕಡೆ ಬೆರಳು ನಿಂತಿತು.

"ಇದೆ," ಎಂದ.

ಗದ್ದಲದಲ್ಲಿ ಯಾರಿಗೂ ಕೇಳಿಸಲಿಲ್ಲ. "ಇದೆ ರೀ!" ಎಂದು ಇಂಜಿನ್ನಿನ ಮೇಲಿನ ದನಿಯಲ್ಲಿ ಕೂಗಿದ. "ಇಲ್ಲಿದೆ. ಅಚ್ಚಾಗಿದೆ. ನಾವು ಹೇಳ್ತಿರಲಿಲ್ಲ ಅಷ್ಟೇ."

ಮೊದಲ ಸಾಲಿನಲ್ಲಿದ್ದ ಒಬ್ಬ ಹಿರಿಯರು ಪುಸ್ತಕ ಇಸಿದುಕೊಂಡು ನೋಡಿದರು. ಪಕ್ಕದವರಿಗೆ ಕೊಟ್ಟರು. ಅದು ಕೈಯಿಂದ ಕೈಗೆ ಹೋಯಿತು. ಕೊನೆಗೆ ವಾರ್ಡ್ ಮೆಂಬರ್ ಗಂಟಲು ಸರಿಪಡಿಸಿಕೊಂಡು ಹೇಳಿದರು, "ಪುಸ್ತಕದಲ್ಲಿ ಇರಬಹುದು. ಪುಸ್ತಕದಲ್ಲಿ ಏನೇನೋ ಇರುತ್ತೆ. ಹಿರಿಯರು ಹೇಳ್ಕೊಂಡು ಬಂದ ಪದ್ಧತಿ ಅಂತ ಒಂದಿದೆ. ನಾಳೆಯಿಂದ ಚೆನ್ನಾಗಿ ಹೇಳೋ ಬೇರೆ ಮಗು ನಿಲ್ಲಲಿ."

ಎಲ್ಲರಿಗೂ ಅದು ಸರಿ ಕಂಡಿತು. ಬೇರೆ ಮಗುವನ್ನು ನಿಲ್ಲಿಸಿದರು. ಅದು ಮೊದಲಿನಿಂದ ಸರಸರ ಹೇಳಿತು, ಉಸಿರೆಳೆಯುವ ಕಡೆ ಉಸಿರೆಳೆಯಿತು. ಎಲ್ಲ ಸರಿಯಾಗಿ ಮುಗಿಯಿತು. ಆಚೆಯವರ ಡ್ರಾಯಿಂಗ್ ರೂಮಿನಲ್ಲೂ ಅದೇ ಹೊತ್ತಿಗೆ ಮುಗಿಯಿತು. ಕೊನೇ ಕೋಣೆಯಲ್ಲಿ ಪ್ರಾರ್ಥನೆ ಬೇಡ ಅಂದವರ ಮಕ್ಕಳು ನಿದ್ದೆ ಹೋಗಿದ್ದರು.

ಹಾಲ್ ಖಾಲಿಯಾದ ಮೇಲೂ ಡ್ರೈವರು ಹೋಗಲಿಲ್ಲ. ಮಗಳನ್ನು ಎದುರಿಗೆ ನಿಲ್ಲಿಸಿಕೊಂಡು ಪುಸ್ತಕ ತೆರೆದ.

"ಆ ಸಾಲು ನಿಂಗೆ ಯಾರು ಬಾಯಿಗೆ ಹಾಕಿದ್ದು, ನಿಜ ಹೇಳು. ಟೀಚರಾ?"

"ಟೀಚರಿಗೆ ಪ್ರಾರ್ಥನೆನೇ ಬರಲ್ಲ ಅಪ್ಪ."

"ಮತ್ತೆ?"

"ಅಲ್ಲಿತ್ತು. ಓದ್ದೆ."

ಅವನು ಟೀಚರ ಮುಖ ನೋಡಿದ. ಯಾರೂ ಎಂದೂ ಹೇಳದ ಸಾಲನ್ನು ಕೇಳಿ ಬಾಯಿಪಾಠ ಮಾಡಲು ಆಗುವುದಿಲ್ಲ ಎನ್ನುವುದು ಬಿಡಿಸಿ ಹೇಳುವ ಮಾತಲ್ಲ. ಅದು ಅವನ ತಲೆಗೆ ನಿಧಾನವಾಗಿ ಇಳಿಯುತ್ತಿರುವುದು ಅವಳಿಗೆ ಕಾಣುತ್ತಿತ್ತು. ಅವನ ದವಡೆ ಎರಡು ಮೂರು ಸಲ ಅಲ್ಲಾಡಿತು.

"ಎಲ್ಲರ ಎದುರಿಗೆ ನನ್ನ ಮಾನ ತೆಗೆದ್ರಿ," ಎಂದ ಟೀಚರಿಗೆ.

"ಹೌದು."

"ನಾಳೆಯಿಂದ ಹಾಲಿಗೆ ಬರೋದು ಬೇಡ ಅಂದ್ರು ಇವಳನ್ನ. ಓಡಾಡಿದೋನು ನಾನು, ಹೊತ್ತು ಕೊಡಿಸಿದೋನು ನಾನು, ನನ್ನ ಮಗಳಿಗೇ ಜಾಗ ಇಲ್ಲ." ಪುಸ್ತಕವನ್ನು ಮುಚ್ಚಿ, ಮತ್ತೆ ತೆರೆದು, ಬೇರೆ ಯಾವುದೋ ಪುಟದ ಮೇಲೆ ಬೆರಳಿಟ್ಟ. "ಇದು ಓದು."

ಏಣಿ ಬಗ್ಗಿ ನೋಡಿದಳು. ಅವಳಿಗೆ ಗೊತ್ತಿಲ್ಲದ ಪುಟ. "ಗಾ... ಳಿ... ಗಾಳಿಯ... ನ್ನು..." ಒಂದು ಸಾಲು ದಾಟುವುದಕ್ಕೆ ಅವಳಿಗೆ ಬಹಳ ಹೊತ್ತು ಬೇಕಾಯಿತು. ಅವನು ಅಷ್ಟು ಹೊತ್ತೂ ನಿಂತಿದ್ದ. ಹೊರಗೆ ಅವನ ಬಸ್ಸಿನ ಕಂಡಕ್ಟರ್ ಸೀಟಿ ಊದುತ್ತಿದ್ದ, ಅವನು ತಿರುಗಲಿಲ್ಲ. ಸಾಲು ಮುಗಿದಾಗ ಅಂಗಿಯ ತೋಳಿನಿಂದ ಮುಖ ಒರೆಸಿಕೊಂಡ.

"ನಮ್ಮ ತಂಗಿಗೆ ಹೇಳ್ತೀನಿ, ಅಂಗಡಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಲಿ ಅಂತ. ಪರೀಕ್ಷೆ ಆಗಲಿ." ಬಾಗಿಲ ತನಕ ಹೋಗಿ ತಿರುಗಿದ. "ನಿಮ್ಮ ಕ್ಲಾಸು ಎಲ್ಲಿ ಈಗ?"

"ಇಲ್ಲ. ತೆಗೆದು ಹಾಕಿದ್ರು. ನಿಮ್ಮ ಪ್ರಾರ್ಥನೆ ಹೊತ್ತಿಗೇ."

ಅವನು ಗೋಡೆಗೆ ತಳ್ಳಿದ ಬೆಂಚುಗಳ ಕಡೆ ಒಮ್ಮೆ ನೋಡಿದ. ಹೋದ.

ಮಾರನೇ ದಿನ ಊಟದ ನಂತರ ಟೀಚರು ಮಕ್ಕಳನ್ನು ಕರೆದುಕೊಂಡು ತಾರಸಿಗೆ ಹೋಗುವ ಮೆಟ್ಟಿಲ ಮೇಲೆ ಕೂತಳು. ಮೇಲಿನ ಬಾಗಿಲಿಗೆ ಬೀಗ, ಹಾಗಾಗಿ ಅಲ್ಲಿಗೆ ಯಾರೂ ಬರುವುದಿಲ್ಲ. ಒಬ್ಬೊಬ್ಬರು ಒಂದೊಂದು ಮೆಟ್ಟಿಲು. ಪ್ರಾರ್ಥನೆಯ ದನಿ ಬಿಟ್ಟರೆ ಇಡೀ ಶಾಲೆ ಮೌನವಾಯಿತು. ಮಕ್ಕಳು ಪಿಸುದನಿಯಲ್ಲಿ ಅಕ್ಷರ ಕೂಡಿಸತೊಡಗಿದವು. ಏಣಿಗೆ ಪಿಸುಗುಡಲು ಬರುತ್ತಿರಲಿಲ್ಲ, ಅಪ್ಪನ ಗಂಟಲು. ಪದ ಸಿಕ್ಕಿದಾಗಲೆಲ್ಲ ಕೂಗಿಬಿಡುತ್ತಿದ್ದಳು.

ಕೆಳಗೆ ಹೆಜ್ಜೆ ಸದ್ದಾಯಿತು. ಹೆಡ್ ಮೇಷ್ಟ್ರು ಬಂದು ಕೊನೆಯ ಮೆಟ್ಟಿಲ ಹತ್ತಿರ ನಿಂತು ಮೇಲೆ ನೋಡಿದರು. ಟೀಚರು ಅವರನ್ನು ನೋಡಿದಳು. ಇಬ್ಬರಿಗೂ ಜಗಳ ಆಡುವಷ್ಟು ತ್ರಾಣ ಇರಲಿಲ್ಲ.

"ಸ್ವಲ್ಪ ಮೆಲ್ಲಗೆ," ಎಂದರು ಮೇಷ್ಟ್ರು.

"ಆಗಲ್ಲ ಸಾರ್."

ಅವರು ಸದ್ದು ಹೊರಗೆ ಹೋಗದ ಹಾಗೆ ಮೆಟ್ಟಿಲ ಬುಡದ ಬಾಗಿಲನ್ನು ಹೊರಗಿನಿಂದ ಎಳೆದು ಮುಂದೆ ಮಾಡಿ ಹೋದರು. ಬೆಳಕು ಕಡಿಮೆಯಾಯಿತು. ಏಣಿ 'ಅಕ್ಷರ ಕಾಣ್ತಿಲ್ಲ' ಎಂದು ಗೊಣಗುತ್ತಾ ಪುಸ್ತಕವನ್ನು ಗೋಡೆಯಲ್ಲಿ ಬೆಳಕು ಬರುತ್ತಿದ್ದ ಜಾಲಂಧ್ರದ ಹತ್ತಿರ ಹಿಡಿದು, ಬೆರಳಿಟ್ಟು, ಬಿಟ್ಟ ಪದದಿಂದ ಮತ್ತೆ ಶುರು ಮಾಡಿದಳು.